ನೀರಿಗೆ ಹಾಕಿದ ಮದ್ದು

ನಮ್ಮೂರಿನ ಕುಡಿಯುವ ನೀರಿನ ಟ್ಯಾಂಕು ನೋಡಿಕೊಳ್ಳುವ ಕೆಲಸ ನನ್ನದು. ಈಚೆಗೆ ನಿಯಮ ಬದಲಾಗಿದೆ ಎಂದು ನಮ್ಮಂಥವರನ್ನೆಲ್ಲ ದಿಂಬಂ ಘಾಟಿ ಇಳಿಸಿ, ಸತ್ಯಮಂಗಲದಲ್ಲಿ ಕೂರಿಸಿ ತರಬೇತಿ ಕೊಟ್ಟರು. ನಮ್ಮ ಮಾತು ಕನ್ನಡವಾದರೂ ಊರು ಸೇರಿದ್ದು ತಮಿಳುನಾಡಿಗೆ, ಹಾಗಾಗಿ ಪಾಠವೆಲ್ಲ ತಮಿಳಿನಲ್ಲಿ. ದಿನವೂ ಕ್ಲೋರಿನ್ ಹಾಕಬೇಕು, ಹಾಕಿದ್ದನ್ನು ಊರಿಗೆ ತಿಳಿಸಬೇಕು. ಕ್ಲೋರಿನ್ನಿಗೆ ಅವರು ಬಳಸಿದ ಮಾತು 'ಮರುಂದು', ಅಂದರೆ ಔಷಧಿ. ವಾಪಸು ಬರುವ ಬಸ್ಸಿನಲ್ಲಿ ಅದನ್ನು ನಾನೇ ಕನ್ನಡ ಮಾಡಿಕೊಂಡೆ.

ಮರುದಿನ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರಿಗೆ ಕೂಗಿ ಹೇಳಿದೆ: "ನೀರ್ಗ ಮದ್ದಾಕಿವ್ನಿ, ಎಲ್ರೂ ಧೈರ್ಯವಾಗಿ ಕುಡೀರಿ!"

ಅಷ್ಟೇ. ನಮ್ಮ ಕಡೆ ಆಗದವರ ಊಟದಲ್ಲಿ ಕದ್ದು ಇಕ್ಕುವ ವಿಷಕ್ಕೂ ಮದ್ದು ಎಂದೇ ಹೆಸರು. ಆ ಗಳಿಗೆಯಲ್ಲಿ ನನ್ನ ಹಾಳು ಬುದ್ಧಿ ಎಲ್ಲಿ ಹೋಗಿತ್ತೋ! ತುಂಬಿದ ಕೊಡಗಳೆಲ್ಲ ಅಲ್ಲೇ ಬೋರಲಾದವು. ನೀರಿನ ವಾಸನೆ ಬೇರೆ ಸಾಕ್ಷಿ ಹೇಳಿತು. ಕ್ರಿಮಿ ಎಂದೆ, ಕಾಯಿಲೆ ಎಂದೆ, ಎಲ್ಲರೆದುರು ಕುಡಿದು ತೋರಿಸಿದೆ.

"ಮದ್ದಿಕ್ಕೋನ್ಗ ಅದ್ನ ತಗಿಯದೂ ಗೊತ್ತಿರ್ತದ ಬುಡು" ಎಂದಳು ಒಬ್ಬಳು. ಹೆಂಗಸರು ದನ ಇಳಿಯುವ ಕೆರೆಯತ್ತ ನಡೆದರು.

ಅಂದೇ ಪರೀಕ್ಷೆಗೆ ಬಂದ ಅಧಿಕಾರಿ ಕೊನೆಯ ನಲ್ಲಿಯ ನೀರು ಹಿಡಿದು ದ್ರಾವಣದ ಹನಿ ಬಿಟ್ಟರು. ಕ್ಲೋರಿನ್ ಇದ್ದರೆ ಬರಬೇಕಾದ ಹಳದಿಯೇ ಬಂತು. "ರೊಂಬ ನಲ್ಲಾ ಇರುಕ್ಕು" ಎಂದು ತಮಿಳಿನಲ್ಲೇ ಹೊಗಳಿ, ನನ್ನ ಬೆನ್ನು ತಟ್ಟಿ ಹೋದರು.

ಮನೆಗೆ ಬಂದು ನೀರು ಕೇಳಿದೆ. ಅವ್ವ ಚೆಂಬು ತಂದುಕೊಟ್ಟಳು. ನೀರು ಮಣ್ಣಿನ ಬಣ್ಣಕ್ಕಿತ್ತು.

"ಕೆರೇದಾ? ಮದ್ದಾಕಿರದು ನಿನ್ ಮಗನೇ ಅಲ್ವಾ ಅವ್ವ?"

"ನೀ ಆಕುದ್ರೂ ಮದ್ದು ಮದ್ದೇ ಕಣ್ಲಾ. ಕುಡಿ."

ಊರೆಲ್ಲ ಕೂಗಿ ಬಾಯಿ ಒಣಗಿತ್ತು. ಆ ನೀರನ್ನೇ ಕುಡಿದೆ.