ಅಡುಗೆಮನೆಯಲ್ಲಿ ಬೆಳೆದ ಟೂರೆ

ಮಾರ್ಚ್ ಬಂತೆಂದರೆ ಸ್ಕೋನೆ ಸೀಮೆಯಲ್ಲಿ ಹೆಬ್ಬಾತು ಸಾಕುವವರ ಜೀವ ಅಂಗೈಯಲ್ಲಿ. ಹೆಣ್ಣುಗಳು ಕಾವಿಗೆ ಕೂರುತ್ತವೆ, ಗಂಡಿಗೆ ತಲೆ ಕೆಡುತ್ತದೆ. ಎಲ್ನಾ ಸಾಕಿದ ಗಂಡು ಹೆಬ್ಬಾತು ಟೂರೆಗಂತೂ ಪೂರಾ ಕೆಟ್ಟಿತ್ತು. ಅವಳ ಗಂಡ ಆಲ್ಗೊಟ್ ಅಂಗಳಕ್ಕೆ ಕಾಲಿಟ್ಟರೆ ಸಾಕು, ಕತ್ತು ಚಾಚಿ ಬುಸುಗುಟ್ಟುತ್ತ ನುಗ್ಗುತ್ತಿತ್ತು. ಕೊನೆಗೊಂದು ದಿನ ಅದರ ರೆಕ್ಕೆಯೇಟಿಗೆ ಮುದುಕ ಕೆಸರಲ್ಲಿ ಬಿದ್ದು ಸೊಂಟ ಮುರಿದುಕೊಂಡ.

ಆಸ್ಪತ್ರೆಯ ಮಂಚದಿಂದಲೇ ಗುಡುಗಿದ. "ನಾ ಮನೆಗ್ ಬರೋ ಹೊತ್ತಿಗೆ ಆ ಪೀಡೆ ಒಲೆ ಮೇಲಿರ್ಬೇಕು. ಇಲ್ದಿದ್ರೆ ನಾನು ತಂಗಿ ಮನೆಗ್ ಹೋಗ್ತೀನಿ, ನೀನು ಅದ್ರ ಜೊತೆ ಸಂಸಾರ ಮಾಡ್ಕೊಂಡಿರು!"

"ಅದನ್ನ ಕೊಂದ್ರೆ ಈ ವರ್ಷ ಮರಿ ಎಲ್ಲಿಂದ ತರ್ಲಿ? ವಸಂತದಲ್ಲಿ ಹೊಸ ಗಂಡು ತಂದ್ರೆ ಹೆಣ್ಣುಗಳು ಹತ್ರ ಸೇರಿಸ್ತಾವಾ?" ಎಂದು ಎಲ್ನಾ ಅತ್ತಳು. ಮಾತು ನಿಜವೇ. ಆದರೆ ತಾಯಿ ಬಿಟ್ಟ ಮೊಟ್ಟೆಯನ್ನು ಒಲೆಯ ಪಕ್ಕ ಶಾಲಿನಲ್ಲಿ ಸುತ್ತಿಟ್ಟು, ಒಡೆದು ಬಂದ ಟೂರೆಯನ್ನು ಮಡಿಲಲ್ಲಿ ಬೆಳೆಸಿದವಳು ಅವಳು. ಕರುಳು ಕೇಳಬೇಕಲ್ಲ!

ಮಾಡದ ಉಪಾಯವಿಲ್ಲ. ಗೂಡಿನ ಸುತ್ತ ಹಲಗೆ ಕಟ್ಟಿದಳು. ನುಗ್ಗಿದಾಗ ಓಡದೆ ಪೊರಕೆ ಅಡ್ಡ ಹಿಡಿದು ನಿಂತಳು. ಹಿಡಿದು, ರೆಕ್ಕೆ ಅದುಮಿ, ಸೋಲುವ ತನಕ ಕಂಕುಳಲ್ಲಿಟ್ಟುಕೊಂಡಳು. ಅಲ್ಲಿದ್ದಷ್ಟು ಹೊತ್ತು ಪಾಪದ ಪ್ರಾಣಿ. ಕೆಳಗಿಟ್ಟ ಗಳಿಗೆಯಲ್ಲಿ ಅಂಚೆಯವನ ಪ್ಯಾಂಟು ಹರಿಯಿತು.

ಪಕ್ಕದ ತೋಟದ ಸಿಕ್ಸ್ಟೆನ್ ಗೋಡೆಗೊರಗಿ ಇದನ್ನೆಲ್ಲ ನೋಡುತ್ತಿದ್ದ. ಅವನೂ ಹೆಬ್ಬಾತು ಸಾಕಿಯೇ ಮುದುಕನಾದವನು.

"ಅದು ಗೂಡು ಕಾಯ್ತಿಲ್ಲ ಮಾರಾಯ್ತಿ, ನಿನ್ನ ಕಾಯ್ತಿದೆ. ಅಡುಗೆಮನೇಲಿ ಮುದ್ದು ಮಾಡಿ ಬೆಳೆಸ್ದೆ, ನೀನೇ ಹೆಂಡ್ತಿ ಅಂದ್ಕೊಂಡಿದೆ. ಆಲ್ಗೊಟ್ ಅದಕ್ಕೆ ಸವತಿ ಇದ್ದಂಗೆ!"

"ಥೂ, ಬಾಯಿ ಮುಚ್ಚೋ!"

"ಅದು ಹೆಣ್ಣುಗಳ ಹತ್ರ ಹೋಗೇ ಇಲ್ಲ, ಮರಿ ಎಲ್ಲಿಂದ ಕಟ್ಟತ್ತೆ? ಬೇಕಾದ್ರೆ ಮೊಟ್ಟೆಗೆ ದೀಪ ಹಿಡಿದು ನೋಡು. ಒಳಗೆ ಮರಿಯ ಕೆಂಪು ನರ ಕಂಡ್ರೆ ನಾನು ಸುಳ್ಳ."

ಎಲ್ನಾ ಕೊಟ್ಟಿಗೆಯ ಬಾಗಿಲು ಹಾಕಿ, ಕಾವಿನ ಮೊಟ್ಟೆಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದಳು. ಒಂದರಲ್ಲೂ ನರವಿಲ್ಲ, ಜೀವವಿಲ್ಲ, ಬರೀ ಬೆಳಕು. ಹುಲ್ಲಿನ ಮೇಲೆ ಕುಸಿದು ಕೂತು ಗೋಳೋ ಎಂದು ಅತ್ತಳು. ಟೂರೆಯನ್ನು ಉಳಿಸಿಕೊಳ್ಳಲು ಅವಳಿಗಿದ್ದದ್ದು ಅದೊಂದೇ ನೆಪ.

ಕೊನೆಗೆ ಅವಳೇ ಕರೆದಳು, ಸಿಕ್ಸ್ಟೆನ್ ಕೊಡಲಿ ತಂದ. ಅಂಗಳದ ತುಂಬ ಟೂರೆಯನ್ನು ಅಟ್ಟಾಡಿಸಿದ, ಕಚ್ಚಿಸಿಕೊಂಡ, ಏದುಸಿರು ಬಿಟ್ಟ. "ನನ್ನ ಕೈಗೆ ಸಿಗಲ್ಲ ಕಣೇ. ನೀನೇ ಹಿಡ್ಕೊಡ್ಬೇಕು."

ಎಲ್ನಾ ಅಂಗಳದ ನಡುವೆ ಮಂಡಿಯೂರಿ ಕೈ ಚಾಚಿದಳು. ಟೂರೆ ಬುಸುಗುಡಲಿಲ್ಲ. ರೆಕ್ಕೆ ಬಡಿಯುತ್ತ ಓಡೋಡಿ ಬಂದು, ಅವಳ ಹೆಗಲ ಮೇಲೆ ಕತ್ತು ಚಾಚಿತು.