ಮೊದಲೇ ತಿರುಗುವುದು

ಚಟ್ನಿಪುಡಿಯ ಡಬ್ಬಿಯನ್ನೂ ಉಪ್ಪಿನಕಾಯಿ ಭರಣಿಯನ್ನೂ ಪಕ್ಕಕ್ಕೆ ಸರಿಸಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದರೆ ಸಾಕು, ನವನಗರದ ನಮ್ಮ ಮನೆಯಲ್ಲಿ ಹಡಗುಗಳ ಓಡಾಟ ಶುರುವಾಗುತ್ತದೆ. ಸಮುದ್ರವನ್ನು ನಾನು ನೋಡಿದ್ದು ಒಮ್ಮೆ ಮಾತ್ರ, ಅದೂ ಕಾರವಾರದಲ್ಲಿ, ಪ್ಯಾಂಟು ಮಡಚಿಕೊಂಡು ಮೊಣಕಾಲಿನವರೆಗೆ. ಗಣಿತದ ಮಾಸ್ತರನಿಗೆ ಅಷ್ಟು ನೀರು ಧಾರಾಳವಾಯಿತೆಂದು ನೀವು ನಗಬಹುದು.

ನನ್ನ ಪ್ರೋಗ್ರಾಮಿನ ಉಪಾಯ ಸರಳ. ಹಡಗಿಗೆ ನೂರಾರು ದಾರಿಗಳನ್ನು ಅಡ್ಡಾದಿಡ್ಡಿ ಬರೆದು, ಪ್ರತಿಯೊಂದಕ್ಕೂ ಅಂಕ ಕೊಟ್ಟು, ಜೋಳದ ರಾಶಿಯಲ್ಲಿ ದಪ್ಪ ತೆನೆಯನ್ನು ಬೀಜಕ್ಕೆ ಎತ್ತಿಡುವಂತೆ ಒಳ್ಳೆಯವನ್ನು ಉಳಿಸಿಕೊಂಡು, ಒಂದರ ಅರ್ಧಕ್ಕೆ ಇನ್ನೊಂದರ ಅರ್ಧ ಕೂಡಿಸಿ, ಅಲ್ಲಲ್ಲಿ ಕೊಂಚ ತಿರುಚಿ ಮುಂದಿನ ಪೀಳಿಗೆಯನ್ನು ಹುಟ್ಟಿಸುವುದು. ಪೀಳಿಗೆಗಳು ಕಳೆದಂತೆ, ಎದುರಿನ ಹಡಗಿಗೆ ಡಿಕ್ಕಿಯಾಗದ ದಾರಿಯೊಂದು ತಾನಾಗಿ ಬಲಿಯುತ್ತದೆ. ಒಂದು ಹಡಗು ಕಂಪನಿ ಇದನ್ನು ಪರೀಕ್ಷಿಸಿ ನೋಡಲು ಒಪ್ಪಿತ್ತು. ಅದೂ ನನ್ನ ಅಕ್ಕನ ಮಗಳು ಮೇಧಾ ಅಧಿಕಾರಿಯಾಗಿರುವ ಸರಕು ಹಡಗಿನಲ್ಲೇ.

ರಜೆಗೆ ಬಂದಿದ್ದ ಅವಳಿಗೆ ದಾರಿಯನ್ನು ತೋರಿಸಿದೆ. ಬಿಡಬೇಕಾದಷ್ಟೇ ಅಂತರ ಬಿಟ್ಟು, ಗುಲಗಂಜಿಯಷ್ಟೂ ಹೆಚ್ಚು ಸುತ್ತದೆ, ಎದುರಿನ ಹಡಗಿನ ಪಕ್ಕದಲ್ಲೇ ನುಣ್ಣಗೆ ಸರಿದುಹೋಗುವ ಗೆರೆ. ನನಗಂತೂ ಹೆಮ್ಮೆ ತಡೆಯಲಾಗಲಿಲ್ಲ.

"ಲೆಕ್ಕ ಬರೋಬರಿ ಅದ ಮಾಮಾ," ಎಂದಳು. "ಆದ್ರ ನಾ ತಿರುಗೇನಿ ಅಂತ ಎದುರಿನ ಹಡಗಿನವರಿಗೆ ಹೆಂಗ ಗೊತ್ತಾಗ್ಬೇಕು?"

ಮಾಸ್ತರನಿಗೇ ತಪ್ಪು ತೋರಿಸಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಅಂದೆಲ್ಲ ಮುಖ ಗಂಟಿಕ್ಕಿಕೊಂಡೇ ಇದ್ದೆ.

ಮರುದಿನ ಸ್ಕೂಟರಿನಲ್ಲಿ ಬಾದಾಮಿಗೆ ಹೊರಟಾಗ ಕುರಿಹಿಂಡೊಂದು ರಸ್ತೆಗೆ ಅಡ್ಡವಾಯಿತು. ದೂರದಲ್ಲಿ ಇನ್ನೊಂದು ಹಿಂಡಿನ ಧೂಳು ಕಂಡದ್ದೇ ತಡ, ಮುದುಕ ಕುರಿಗಾರ ತನ್ನ ಕುರಿಗಳನ್ನೆಲ್ಲ ರಸ್ತೆಯಿಂದ ಇಳಿಸಿ, ಕೊಯ್ದ ಹೊಲದೊಳಕ್ಕೆ ಬಹುದೂರ ಹೊಡೆದುಕೊಂಡು ಹೋದ.

"ದಾರಿ ಇಷ್ಟು ಅಗಲ ಅದ, ಈಗ್ಲೇ ಯಾಕ ಇಳಿಸಿದ್ರಿ ಯಜಮಾನ್ರ?" ಎಂದೆ.

"ಜರಾ ಸರದ್ರ ಎದುರಿನವಗ ಕಾಣಂಗಿಲ್ರಿ. ಅಂವಾನೂ ನನ್ನ ಕಡೀಗೇ ಸರೀತಾನ. ಕೂಡಿದ ಕುರಿ ಬ್ಯಾರೆ ಮಾಡೂದು ಇಡೀ ದಿನದ ಕೆಲಸ್ರಿ," ಎಂದ.

ಹಿಂದೆ ಕೂತಿದ್ದ ಮೇಧಾ ನನ್ನ ಭುಜವನ್ನು ಮೆಲ್ಲಗೆ ತಟ್ಟಿದಳು. ನಿನ್ನೆಯ ಅವಳ ಪ್ರಶ್ನೆ ಈಗ ನನ್ನ ತಲೆಗೆ ಹತ್ತಿತು.

ತಪ್ಪು ನನ್ನ ವೃತ್ತಿಯದು. ಚುಟುಕಾಗಿ ಉತ್ತರಿಸಿದವರಿಗೆ ಹೆಚ್ಚು ಅಂಕ ಕೊಡುತ್ತ ಬಂದವನು ಹಡಗಿಗೂ ಹಾಗೆಯೇ ಕೊಟ್ಟಿದ್ದೆ. ಎದುರಿನವರಿಗೆ ಕಾಣುವಂತೆ ತಿರುಗಿದ್ದಕ್ಕೆ ಒಂದು ಅಂಕವೂ ಇರಲಿಲ್ಲ. ಅಂಥ ದಾರಿಗಳನ್ನು ಪೀಳಿಗೆ ಪೀಳಿಗೆಯಾಗಿ ನಾನೇ ಅಳಿಸಿಹಾಕಿದ್ದೆ. ಬದುಕಿನಲ್ಲೂ ನಾವು ಮನಸ್ಸಿನೊಳಗೇ ಕೂದಲೆಳೆಯಷ್ಟು ಸರಿದು, ದಾರಿ ಬಿಟ್ಟುಕೊಟ್ಟೆವೆಂದು ಬೀಗುತ್ತೇವೆ. ಹೆಂಡತಿಯ ಜೊತೆಗಿನ ಎಷ್ಟೋ ಜಗಳಗಳಲ್ಲಿ ನಾನು ಸೋತಿದ್ದೇನೆ. ಪಾಪ, ಅವಳಿಗದು ಗೊತ್ತೇ ಆಗಿಲ್ಲ.

ಅಂಕಗಳನ್ನು ತಿದ್ದಿ ಮತ್ತೆ ಓಡಿಸಿದೆ. ಈ ಸಲದ ದಾರಿ ಬಹಳ ಮೊದಲೇ, ಕುರುಡನಿಗೂ ಕಾಣುವಂತೆ ಬಲಕ್ಕೆ ಹೊರಳಿತು. ಅದನ್ನೇ ಕಂಪನಿಗೆ ಕಳಿಸಿದೆ. ದಾರಿ ಉದ್ದವಾಯಿತು, ಎಣ್ಣೆ ಹೆಚ್ಚು ಬೇಕು ಎಂದು ಕಂಪನಿಯವರು ಬೇರೆ ಯಾರದೋ ಪ್ರೋಗ್ರಾಮನ್ನು ಆರಿಸಿಕೊಂಡರು. ನನಗೆ ಬೇಸರಕ್ಕಿಂತ ಭಯವಾಯಿತು: ಎಣ್ಣೆ ಉಳಿಸುವ ಅಂಥದೇ ನುಣ್ಣನೆಯ ಗೆರೆಯ ಮೇಲೆ ಹೋಗುವವಳು ನಮ್ಮ ಹುಡುಗಿ.

ಅವಳನ್ನು ಕಳಿಸಲು ಸ್ಟೇಷನ್ನಿಗೆ ಹೋದಾಗ ಅದನ್ನು ಬಾಯಿಬಿಟ್ಟು ಹೇಳಿಯೇಬಿಟ್ಟೆ.

"ಅಂಜಬ್ಯಾಡ ಮಾಮಾ," ಎಂದಳು ಕಿಟಕಿಯಿಂದ. "ಯಂತ್ರ ದಾರಿ ತೋರಸ್ತದ, ಅಷ್ಟ. ಚುಕ್ಕಾಣಿ ಹಿಡದವಗ ತಿರುಗಸು ಅಂತ ಹೇಳಾಕಿ ನಾನು. ಲಗೂನ ಹೇಳ್ತೇನಿ."