ಮಗಳು ಅಂಟಿಸಿದ ಹಳದಿ ಚೀಟಿ

ಸ್ನೇಹಿತರೇ, ಇವತ್ತು ಲೋಕಲ್ ರೈಲಿನಿಂದ ಐರೋಲಿಯಲ್ಲಿ ಇಳಿಯಬೇಕಾದ ನಾನು ಮುಂದಿನ ಸ್ಟೇಷನ್ ರಬಾಳೆಯಲ್ಲಿ ಇಳಿದೆ. ಕಾರಣ, ಹದಿಮೂರು ವರ್ಷದ ಮಗಳು ಓದುತ್ತಿದ್ದ ಕಾದಂಬರಿ.

ಬೆಳಿಗ್ಗೆ ದೋಸೆ ತಿನ್ನುವಾಗ ಅದರ ಬೆನ್ನುಪುಟ ಓದಿದೆ. ಮುಂದೆಂದೋ ಬರುವ ಕಾಲದ ಒಂದು ಊರು. ಪ್ರತಿ ಮನೆಯಿಂದಲೂ ಒಂದು ಮಗುವನ್ನು ಗೋಡೆಯಾಚೆಗೆ ಕಳಿಸಬೇಕು. ಯಾರನ್ನು ಎಂದು ಅಪ್ಪನೇ ಹೇಳಬೇಕು.

"ಎಂತ ಪುಸ್ತಕ ಮಾರಾಯ್ತಿ ಇದು? ಮಕ್ಕಳು ಓದುವಂಥದ್ದಾ?" ಎಂದು ಕಿತ್ತುಕೊಂಡೆ.

"ಪಪ್ಪಾ, ಮೈನೆ ದೋ ಬಾರ್ ಪಢ್ ಲಿಯಾ. ನೀವು ಪೆಹಲೇ ಓದಿ, ಫಿರ್ ಬೋಲೋ," ಎಂದಳು, ಎರಡು ಸಲ ಓದಿ ಮುಗಿಸಿದವಳ ಗತ್ತಿನಲ್ಲಿ. ನನ್ನ ಕೈಯಿಂದ ಪುಸ್ತಕ ವಾಪಸ್ ತೆಗೆದುಕೊಂಡು ಒಳಗೆ ಹೋಗಿ, ಎರಡು ನಿಮಿಷದಲ್ಲಿ ಬಂದು ತಾನೇ ನನ್ನ ಬ್ಯಾಗಿಗೆ ಹಾಕಿದಳು.

ಡೊಂಬಿವಲಿಯಿಂದ ಠಾಣೆಯವರೆಗೆ ಕೈ ಎತ್ತಲೂ ಜಾಗವಿರಲಿಲ್ಲ. ಐರೋಲಿಯ ಗಾಡಿಯಲ್ಲಿ ಸೀಟು ಸಿಕ್ಕಿತು. ಪುಸ್ತಕ ತೆರೆದರೆ ನಡುವೆ ಒಂದು ಹಳದಿ ಚೀಟಿ: "ಪಪ್ಪಾ, ಯಹಾಂ ಸೇ ದಸ್ ಪೇಜ್ ಮತ್ ಪಢ್ನಾ. ಆಪ್ ಸೇ ನಹೀಂ ಹೋಗಾ."

ಓದಬೇಡಿ, ನಿಮ್ಮಿಂದಾಗದು ಎಂದು ಅವಳು ಬರೆದ ಆ ಹತ್ತು ಪುಟಗಳನ್ನೇ ಓದಿದೆ. ಅಪ್ಪ ಯಾರ ಹೆಸರನ್ನೂ ಹೇಳಲಾಗದೆ ನಿಂತಿದ್ದಾನೆ. ಆಗ ಮಗಳೇ ಎದ್ದು ತನ್ನ ಹೆಸರು ಹೇಳುತ್ತಾಳೆ. ತಲೆಯೆತ್ತಿದಾಗ ಐರೋಲಿ ದಾಟಿತ್ತು.

ಆಫೀಸಿನಲ್ಲಿ ಕೂತರೂ ಮನಸ್ಸು ನಿಲ್ಲುತ್ತಿಲ್ಲ. ಇಂಥದ್ದನ್ನು ಮಕ್ಕಳಿಗೆ ಬರೆಯುವವರ ಮೇಲೆ ಸಿಟ್ಟು ಬರುತ್ತಿದೆ. ಆ ಹುಡುಗಿ ವಾಪಸ್ ಬಂದಳೋ ಇಲ್ಲವೋ ಎಂದು ಡ್ರಾಯರ್ ಎಳೆದು ಕದ್ದು ಓದುತ್ತಲೂ ಇದ್ದೇನೆ.

ಬೆನ್ನುಪುಟದಲ್ಲಿ 'ಹನ್ನೆರಡು ದಾಟಿದವರಿಗೆ' ಎಂದು ಅಚ್ಚು ಹಾಕಿದ್ದಾರೆ. ನನಗೆ ನಲವತ್ತಾರು. ನನ್ನ ವಯಸ್ಸಿಗೆ ಇದು ಆಗುವುದಿಲ್ಲ ಎಂದು ಗೊತ್ತಿದ್ದದ್ದು ಮಗಳಿಗೆ ಮಾತ್ರ.